ಮರೆತ ಗಂಟೆಗಳಿಗೆ ಸಾಕ್ಷಿ ಯಾರು? – ಮಂಪರು ಔಷಧಗಳು ಮತ್ತು ಮನುಷ್ಯನ ನೆನಪು

(ದತ್ತಿ ಉಪನ್ಯಾಸದ ಪಠ್ಯ)



ವೈದ್ಯಕೀಯದ ಒಂದು ವಿಷಯವನ್ನು ಪ್ರತಿವರ್ಷ ಕನ್ನಡದಲ್ಲಿ, ವೈದ್ಯರಲ್ಲದವರ ಮುಂದೆ ಬಿಡಿಸಿ ಹೇಳಬೇಕು ಎಂಬುದು ಈ ದತ್ತಿಯ ಆಶಯ. ಆ ಆಶಯಕ್ಕೆ ತಲೆಬಾಗಿ, ನನ್ನ ವೃತ್ತಿಗೆ ತೀರಾ ಹತ್ತಿರವಾದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಾನು ಅರಿವಳಿಕೆ ವೈದ್ಯ. ನೋವು, ಎಚ್ಚರ, ನೆನಪು ಈ ಮೂರನ್ನೂ ಕೆಲಕಾಲ ತಡೆದು ನಿಲ್ಲಿಸುವುದು ನಮ್ಮ ಕೆಲಸ. ಆಪರೇಷನ್ ಥಿಯೇಟರಿನ ಹೊರಗೆ ಕಾಯುವ ಮನೆಯವರು ನೋವಿನ ಬಗ್ಗೆ ಕೇಳುತ್ತಾರೆ, ಎಚ್ಚರದ ಬಗ್ಗೆ ಕೇಳುತ್ತಾರೆ. ನೆನಪಿನ ಬಗ್ಗೆ ಕೇಳುವವರು ಅಪರೂಪ. ಕೇಳಬೇಕಾದ ಪ್ರಶ್ನೆಗಳು ಅಲ್ಲಿಯೇ ಹೆಚ್ಚು ಇವೆ ಎಂಬುದು ನನ್ನ ನಂಬಿಕೆ.

ಇಂದು ನಾನು ಹೇಳಹೊರಟಿರುವ ಮಾತು ಇಷ್ಟೇ: ಔಷಧದಿಂದ ಒಬ್ಬರ ನೆನಪಿಗೆ ತಡೆ ಬಿದ್ದಾಗ, ಆ ಹೊತ್ತಿನಲ್ಲಿ ಅವರಿಗೆ ಆದದ್ದಕ್ಕೆ ಸಾಕ್ಷಿಯಾಗುವ ಹೊಣೆ ಎಚ್ಚರವಾಗಿದ್ದವರ ಮೇಲೆ ಬೀಳುತ್ತದೆ. ಆ ಹೊಣೆಯನ್ನು ಹೊತ್ತ ಕಡೆ ಈ ಔಷಧಗಳು ವರವಾಗಿವೆ. ಹೊರದ ಕಡೆ ಅವು ಕ್ರೌರ್ಯಕ್ಕೆ ಪರದೆಯಾಗಿವೆ.

1. ಔಷಧ ನೆನಪಿಗೆ ಮಾಡುವುದೇನು?

ಎಂಡೋಸ್ಕೋಪಿಗೆ ಬಂದವರೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರ ಕೈಯ ರಕ್ತನಾಳಕ್ಕೆ ಮಿಡಜೋಲಾಮ್ ಎಂಬ ಔಷಧವನ್ನು ಒಂದೆರಡು ಮಿಲಿಗ್ರಾಂ ಕೊಡುತ್ತೇವೆ. ಎರಡು ಮೂರು ನಿಮಿಷದಲ್ಲಿ ಮುಖದ ಬಿಗಿ ಸಡಿಲವಾಗುತ್ತದೆ, ಮಾತು ನಿಧಾನವಾಗುತ್ತದೆ. ಪೂರ್ತಿ ನಿದ್ದೆ ಬಂದಿರುವುದಿಲ್ಲ. ‘ಬಾಯಿ ತೆಗೀರಿ’ ಎಂದರೆ ತೆಗೆಯುತ್ತಾರೆ. ‘ಎಡಕ್ಕೆ ಹೊರಳಿ’ ಎಂದರೆ ಹೊರಳುತ್ತಾರೆ. ಊರು ಯಾವುದೆಂದರೆ ಹೇಳುತ್ತಾರೆ. ಕೊಳವೆ ಗಂಟಲಿಗಿಳಿದಾಗ ಓಕರಿಸುತ್ತಾರೆ, ಕೆಲವರು ಕೈ ಅಡ್ಡ ತರುತ್ತಾರೆ. ಎಲ್ಲ ಮುಗಿದು ಸ್ವಲ್ಪ ಹೊತ್ತಾದ ಮೇಲೆ ಕಣ್ಣುಜ್ಜಿಕೊಳ್ಳುತ್ತ ಕೇಳುತ್ತಾರೆ: ‘ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?’

ಇವರಿಗೆ ಹಳೆಯದು ಯಾವುದೂ ಮರೆತಿಲ್ಲ. ಮಕ್ಕಳ ಹೆಸರು, ತಾಯ್ನುಡಿ, ಬೆಳಿಗ್ಗೆ ಆಸ್ಪತ್ರೆಗೆ ಬಂದ ದಾರಿ, ಸೂಜಿ ಚುಚ್ಚಿದ ಗಳಿಗೆ ಎಲ್ಲವೂ ನೆನಪಿವೆ. ಔಷಧ ಒಳಹೊಕ್ಕ ಮೇಲಿನದು ಮಾತ್ರ ಇಲ್ಲ. ನೆನಪನ್ನು ಒಂದು ಲೆಕ್ಕದ ಪುಸ್ತಕ ಎಂದುಕೊಂಡರೆ, ಈ ಔಷಧ ಬರೆದಾದ ಪುಟವನ್ನು ಹರಿಯುವುದಿಲ್ಲ, ಬರೆಯುವ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಫ್ಲುಮಜೆನಿಲ್ ಎಂಬ ಪ್ರತಿಔಷಧವನ್ನು ಕೊಟ್ಟು ಮಂಪರನ್ನು ಇಳಿಸಬಹುದು. ಆದರೂ ಆ ಅರ್ಧ ಗಂಟೆ ಮರಳಿ ಬರುವುದಿಲ್ಲ. ಬರೆಯದೇ ಹೋದದ್ದನ್ನು ಓದುವುದು ಹೇಗೆ?

ಪ್ರಯೋಗಾಲಯಗಳಲ್ಲಿ ಇದನ್ನು ಹಲವು ಬಗೆಯಲ್ಲಿ ಪರೀಕ್ಷಿಸಿದ್ದಾರೆ. ಔಷಧ ಪಡೆದವರಿಗೆ ನಾಲ್ಕೈದು ಅಂಕಿ ಹೇಳಿ ಒಡನೆ ಕೇಳಿದರೆ ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತಾರೆ. ಪದಗಳ ಪಟ್ಟಿಯೊಂದನ್ನು ಓದಿಸಿ, ಸ್ವಲ್ಪ ಹೊತ್ತು ಬೇರೆ ಕೆಲಸ ಕೊಟ್ಟು ಕೇಳಿದರೆ ಬಹುಪಾಲು ಹಾರಿಹೋಗಿರುತ್ತದೆ. ಇನ್ನೂ ಕುತೂಹಲದ ಸಂಗತಿ, ಔಷಧಕ್ಕೆ ಸ್ವಲ್ಪ ಮುಂಚೆ ಕಲಿತ ಪಟ್ಟಿ ಔಷಧ ಪಡೆದವರಲ್ಲಿ ಕೆಲವೊಮ್ಮೆ ಬೇರೆಯವರಿಗಿಂತ ಚೆನ್ನಾಗಿ ಉಳಿಯುತ್ತದೆ. ಹೊಸ ಅನುಭವಗಳು ಒಳನುಗ್ಗಿ ಹಳೆಯದನ್ನು ಕಲಕುವುದು ತಪ್ಪುವುದೇ ಇದಕ್ಕೆ ಕಾರಣವೆಂಬುದು ಒಂದು ವಿವರಣೆ.

ಮೆದುಳಿನ ಒಳಗೆ ನಡೆಯುವುದೇನು? ನರಕೋಶಗಳ ಉತ್ಸಾಹಕ್ಕೆ ಕಡಿವಾಣ ಹಾಕುವ ಮುಖ್ಯ ರಾಸಾಯನಿಕ ಗ್ಯಾಬಾ. ಅದು ಮೆದುಳಿನಲ್ಲಿದೆ ಎಂಬುದು ಗೊತ್ತಾದದ್ದು 1950ರಲ್ಲಿ. ರೋಶ್ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯೋ ಸ್ಟರ್ನ್‌ಬಾಕ್ ಕಂಡುಹಿಡಿದ ಬೆಂಜೋಡಯಜೆಪೀನ್ ಗುಂಪಿನ ಮೊದಲ ಔಷಧ ಲಿಬ್ರಿಯಮ್ 1960ರಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಡಯಾಜೆಪಾಮ್, ಅಂದರೆ ವ್ಯಾಲಿಯಮ್, ಬಂತು. ಇವು ಮೆದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತವೆ ಎಂಬುದು ತಿಳಿಯಲು 1977ರವರೆಗೆ ಕಾಯಬೇಕಾಯಿತು. ಗ್ಯಾಬಾ ಬಂದು ತಟ್ಟುವ ಗ್ರಾಹಕದ ಮಗ್ಗುಲಲ್ಲೇ ಇವುಗಳಿಗೊಂದು ಜಾಗವಿದೆ. ಅಲ್ಲಿ ಕೂತು ಇವು ಗ್ಯಾಬಾದ ಹಿಡಿತವನ್ನು ಬಲಪಡಿಸುತ್ತವೆ. ಕ್ಲೋರೈಡ್ ಅಯಾನುಗಳು ಹೆಚ್ಚಾಗಿ ಒಳಬಂದು ನರಕೋಶ ತಣ್ಣಗಾಗುತ್ತದೆ.

ಈ ತಣ್ಣಗಾಗುವಿಕೆ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಆದಾಗ ಹೊಸ ನೆನಪು ನಿಲ್ಲುತ್ತದೆ. ಆ ಭಾಗದ ಮಹತ್ವವನ್ನು ಜಗತ್ತಿಗೆ ಕಲಿಸಿದವರು ಅಮೆರಿಕದ ಹೆನ್ರಿ ಮೊಲೈಸನ್. ಮೂರ್ಛೆರೋಗಕ್ಕೆಂದು 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಅವರ ಮೆದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಅವರಲ್ಲಿ ಹೊಸ ಘಟನೆಗಳ ನೆನಪು ಹೆಚ್ಚುಕಡಿಮೆ ನಿಲ್ಲಲೇ ಇಲ್ಲ. ಅವರನ್ನು ದೀರ್ಘಕಾಲ ಅಧ್ಯಯನ ಮಾಡಿದ ಬ್ರೆಂಡಾ ಮಿಲ್ನರ್ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಹೆನ್ರಿಯ ಕೈ ಪಳಗಿತು. ಆದರೆ ಪ್ರತಿ ಸಲವೂ ಅವರಿಗೆ ಅದು ಮೊದಲ ಸಲವೇ. ನೆನಪು ಒಂದೇ ಬಗೆಯದಲ್ಲ, ಘಟನೆಯ ನೆನಪು ಹೋದರೂ ಕೈಯ ಕಲಿಕೆ ಉಳಿಯಬಹುದು ಎಂಬುದು ಅಲ್ಲಿ ಖಚಿತವಾಯಿತು.

ಮಂಪರು ಔಷಧ ಸ್ವಲ್ಪ ಹೊತ್ತಿನ ಮಟ್ಟಿಗೆ ನಮ್ಮನ್ನು ಹೆನ್ರಿಯ ಸ್ಥಿತಿಗೆ ಹತ್ತಿರ ಒಯ್ಯುತ್ತದೆ. ಮನುಷ್ಯ ಇದ್ದಾನೆ, ಮಾತಾಡುತ್ತಾನೆ, ನೋಯುತ್ತಾನೆ. ನಾಳೆ ಮಾತ್ರ ಅವನಿಗೆ ಈ ಹೊತ್ತಿನ ಸುದ್ದಿ ಇರುವುದಿಲ್ಲ.

2. ಫ್ರೈಬುರ್ಗಿನ ಹೆರಿಗೆ ಕೋಣೆ

ಈ ಶಕ್ತಿ ಕೈಗೆ ಸಿಕ್ಕಾಗ ವೈದ್ಯರು ಏನು ಮಾಡಿದರು? ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಬರ್ನ್‌ಹಾರ್ಡ್ ಕ್ರೋನಿಗ್ ಮತ್ತು ಕಾರ್ಲ್ ಗೌಸ್ ಎಂಬ ಇಬ್ಬರು ವೈದ್ಯರು ಹೆರಿಗೆಗೆ ಬಂದವರಿಗೆ ಮಾರ್ಫಿನ್ ಮತ್ತು ಸ್ಕೋಪಲಮಿನ್ ಕೊಡಲು ಶುರುಮಾಡಿದರು. ಸ್ಕೋಪಲಮಿನ್ ನಮ್ಮ ಬೇಲಿ ಬದಿಯ ಉಮ್ಮತ್ತಿ ಗಿಡದಲ್ಲೂ ಇರುವ ವಸ್ತು. ಅದು ಗ್ಯಾಬಾದ ದಾರಿ ಹಿಡಿಯುವುದಿಲ್ಲ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ದಾರಿ ಬೇರೆ, ತಲುಪುವ ಜಾಗ ಒಂದೇ.

ಗೌಸ್ ಔಷಧದ ಪ್ರಮಾಣವನ್ನು ನೋವಿನಿಂದ ಅಳೆಯಲಿಲ್ಲ, ನೆನಪಿನಿಂದ ಅಳೆದರು. ಹೆರಿಗೆ ನೋವಿನಲ್ಲಿದ್ದ ಹೆಂಗಸಿಗೆ ಒಂದು ವಸ್ತುವನ್ನು ತೋರಿಸುವುದು, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ತೋರಿಸಿ ‘ಇದನ್ನು ಮೊದಲು ನೋಡಿದ್ದೀರಾ’ ಎಂದು ಕೇಳುವುದು. ನೋಡಿದ ನೆನಪಿದ್ದರೆ ಮತ್ತೊಂದು ಸೂಜಿ. ನೆನಪಿಲ್ಲದಿದ್ದರೆ ಸಾಕು. ಮುಸುಕು ಬೆಳಕಿನ, ಸದ್ದಡಗಿದ ಕೋಣೆಯಲ್ಲಿ ಹೆಂಗಸರು ನೋವಿಗೆ ನರಳುತ್ತಿದ್ದರು, ಕೂಗುತ್ತಿದ್ದರು. ಎಚ್ಚರವಾದಾಗ ಮಗು ಪಕ್ಕದಲ್ಲಿತ್ತು, ನೋವಿನ ನೆನಪು ಇರಲಿಲ್ಲ.

1914ರಲ್ಲಿ ಈ ಸುದ್ದಿ ಅಮೆರಿಕದ ಪತ್ರಿಕೆಗಳಿಗೆ ಬಂದಾಗ ಅಲ್ಲಿನ ಹೆಂಗಸರು ಇದು ತಮ್ಮ ಹಕ್ಕೆಂದು ಚಳವಳಿ ಹೂಡಿದರು. ಅವರ ಬಯಕೆಯನ್ನು ನಾನು ತಪ್ಪೆನ್ನಲಾರೆ. ಹೆರಿಗೆ ನೋವನ್ನು ಹಣೆಬರಹವೆಂದು ಸಹಿಸಬೇಕಿಲ್ಲ ಎಂದು ಬಹಿರಂಗವಾಗಿ ಹೇಳಿದವರು ಅವರು. ಆದರೆ ಫ್ರೈಬುರ್ಗಿನಲ್ಲಿ ಒಬ್ಬೊಬ್ಬರ ಪಕ್ಕದಲ್ಲೂ ಕಾದು ಕೂತು ಮಾಡುತ್ತಿದ್ದ ಕೆಲಸ ಅಮೆರಿಕದ ದೊಡ್ಡ ಆಸ್ಪತ್ರೆಗಳಿಗೆ ಬಂದಾಗ ಯಾಂತ್ರಿಕವಾಯಿತು. ಸ್ಕೋಪಲಮಿನ್ ಭ್ರಮೆಯನ್ನೂ ತಳಮಳವನ್ನೂ ತರುತ್ತದೆ. ಒದ್ದಾಡುವವರ ಕೈಕಾಲಿಗೆ ಪಟ್ಟಿ ಕಟ್ಟಿ ಮಲಗಿಸುವ ಪದ್ಧತಿ ದಶಕಗಳ ಕಾಲ ನಡೆಯಿತು. ಹೆತ್ತವರಿಗೆ ನೆನಪಿಲ್ಲ, ಆದ್ದರಿಂದ ದೂರೂ ಇಲ್ಲ.

ಆ ಮೌನವನ್ನು ಮುರಿಯಲು ಎಚ್ಚರವಾಗಿದ್ದವರೇ ಬೇಕಾಯಿತು. 1957ರಲ್ಲಿ ನರ್ಸ್ ಒಬ್ಬರು ‘ಲೇಡೀಸ್ ಹೋಮ್ ಜರ್ನಲ್’ ಎಂಬ ಮಾಸಪತ್ರಿಕೆಗೆ ಪತ್ರ ಬರೆದು, ಹೆರಿಗೆ ವಾರ್ಡುಗಳಲ್ಲಿ ನಡೆಯುವ ಕ್ರೌರ್ಯದ ಬಗ್ಗೆ ತನಿಖೆ ಮಾಡಿ ಎಂದು ಕೇಳಿದರು. ಆ ಪತ್ರಕ್ಕೆ ಓದುಗರಿಂದ ರಾಶಿ ರಾಶಿ ಉತ್ತರಗಳು ಬಂದವು. 1958ರಲ್ಲಿ ಪತ್ರಿಕೆ ಅವುಗಳಲ್ಲಿ ಹಲವನ್ನು ಪ್ರಕಟಿಸಿತು. ಕಟ್ಟಿಹಾಕಿದ್ದು, ಒಂಟಿಯಾಗಿ ಬಿಟ್ಟದ್ದು, ಗದರಿದ್ದು ಎಲ್ಲವೂ ಬಯಲಿಗೆ ಬಂತು. ಅಮೆರಿಕದ ಹೆರಿಗೆ ಕೋಣೆಯ ಸುಧಾರಣೆಯಲ್ಲಿ ಆ ನರ್ಸ್‌ಗೂ ಪಾಲಿದೆ. ಅವರ ಹೆಸರು ನಮಗೆ ಬೇಕಿಲ್ಲ, ಅವರ ಧೈರ್ಯ ಬೇಕು.

3. ನೆನಪಿಲ್ಲದ್ದು ನಡೆದೇ ಇಲ್ಲವೇ?

‘ಹೇಗೂ ನೆನಪಿರುವುದಿಲ್ಲವಲ್ಲ, ನೋವಾದರೇನು?’ ಎಂದು ವೈದ್ಯಕೀಯ ವಿದ್ಯಾರ್ಥಿಗಳು ಕೆಲವೊಮ್ಮೆ ಕೇಳುತ್ತಾರೆ. ಈ ಪ್ರಶ್ನೆಗೆ ನಾನು ಎರಡು ಉತ್ತರ ಕೊಡುತ್ತೇನೆ.

ಮೊದಲನೆಯದು ವಿಜ್ಞಾನದ್ದು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ಕ್ಲಾಪರೇಡ್ 1911ರಲ್ಲಿ ಒಂದು ಪ್ರಸಂಗವನ್ನು ವರದಿ ಮಾಡಿದರು. ಹೊಸ ನೆನಪು ನಿಲ್ಲದ ರೋಗಿಯೊಬ್ಬರ ಕೈ ಹಿಡಿಯುವಾಗ ಅವರು ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಟ್ಟು ಚುಚ್ಚಿದ್ದರು. ಆಮೇಲೆ ಆಕೆಗೆ ಆ ಘಟನೆ ನೆನಪಿರಲಿಲ್ಲ. ಆದರೂ ಮತ್ತೆ ಕೈ ಚಾಚಿದಾಗ ಆಕೆ ತನ್ನ ಕೈ ಹಿಂದೆಳೆದುಕೊಂಡರು. ಕಥೆಯಾಗಿ ಹೇಳಲಾಗದ ಕಲಿಕೆ ಮೈಯಲ್ಲಿ ಉಳಿಯಬಲ್ಲದು. ಔಷಧದ ಮಂಪರಿನಲ್ಲಿ ಇಂಥದ್ದು ಎಷ್ಟು ಉಳಿಯುತ್ತದೆ ಎಂಬುದು ಔಷಧ, ಪ್ರಮಾಣ, ಆಳ ಇವುಗಳನ್ನು ಅವಲಂಬಿಸಿದೆ. ಎಲ್ಲ ಔಷಧಗಳೂ ಒಂದೇ ರೀತಿ ವರ್ತಿಸುವುದಿಲ್ಲ.

1977ರಲ್ಲಿ ಮೈಕೆಲ್ ಟನ್‌ಸ್ಟಾಲ್ ಎಂಬ ಅರಿವಳಿಕೆ ವೈದ್ಯರು ಒಂದು ಸರಳ ಉಪಾಯ ಹೂಡಿದರು. ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ ಕೊಡುವ ಮುನ್ನ ಒಂದು ಕೈಗೆ ಪಟ್ಟಿ ಬಿಗಿದು, ಆ ಔಷಧ ಅಲ್ಲಿಗೆ ಹೋಗದಂತೆ ತಡೆದರು. ಆಮೇಲೆ, ಶಸ್ತ್ರಚಿಕಿತ್ಸೆಯ ನಡುವೆ, ‘ನನ್ನ ಮಾತು ಕೇಳಿಸಿದರೆ ಕೈ ಅದುಮಿ’ ಎಂದು ಹೇಳುವುದು. ಈ ವಿಧಾನ ಬಳಸಿದ ಅಧ್ಯಯನಗಳಲ್ಲಿ ಕೆಲವು ರೋಗಿಗಳು ಕೈ ಅದುಮಿದ್ದಾರೆ. ಅವರಲ್ಲಿ ಬಹುಪಾಲು ಜನರಿಗೆ ಆಮೇಲೆ ಅದರ ನೆನಪೇ ಇರಲಿಲ್ಲ. ಅಂದರೆ ನೆನಪಿಲ್ಲದಿರುವುದು ಎಚ್ಚರವಿರಲಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ರೋಗಿಗಳು ತಾವಾಗಿಯೇ ಬಂದು ‘ನನಗೆ ಎಚ್ಚರವಿತ್ತು’ ಎಂದು ಹೇಳಿದ ಪ್ರಕರಣಗಳು ಸುಮಾರು 19,000 ಅರಿವಳಿಕೆಗಳಿಗೆ ಒಂದು. ನಿಗದಿತ ಪ್ರಶ್ನೆಗಳನ್ನಿಟ್ಟುಕೊಂಡು ಕೇಳಿ ವಿಚಾರಿಸಿದ ಅಧ್ಯಯನಗಳಲ್ಲಿ ಅದು ಸಾವಿರಕ್ಕೆ ಒಂದೆರಡು. ಕೇಳಿದವರಿಗೆ ಮಾತ್ರ ಉತ್ತರ ಸಿಗುತ್ತದೆ.

ಎರಡನೆಯ ಉತ್ತರ ನೀತಿಯದ್ದು, ಅದಕ್ಕೆ ಪ್ರಯೋಗ ಬೇಕಿಲ್ಲ. ಈ ಗಳಿಗೆಯಲ್ಲಿ ನೋಯುತ್ತಿರುವವರ ನೋವು ಈ ಗಳಿಗೆಯಲ್ಲಿಯೇ ನಿಜ. ನಾಳೆ ಮರೆಯುತ್ತದೆ ಎಂಬುದು ಇಂದಿನ ನೋವಿಗೆ ರಿಯಾಯಿತಿ ಕೊಡುವುದಿಲ್ಲ. ಮಿಡಜೋಲಾಮ್ ನೋವು ನಿವಾರಕವಲ್ಲ. ನೋವಾಗುವಲ್ಲಿ ನೋವಿಗೇ ಔಷಧ ಕೊಡಬೇಕು. ಮರೆವನ್ನಷ್ಟೇ ಕೊಟ್ಟು ಸುಮ್ಮನಾಗುವುದು ಚಿಕಿತ್ಸೆಯಲ್ಲ.

4. ಐಸಿಯುವಿನಲ್ಲಿ ಒಂದು ದಿನಚರಿ

ತೀವ್ರ ನಿಗಾ ಘಟಕದಲ್ಲಿ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ವೆಂಟಿಲೇಟರಿನ ಮೇಲಿರುವವರಿಗೆ ದಿನಗಟ್ಟಲೆ ಮಂಪರು ಔಷಧ ಹರಿಯುತ್ತದೆ. ಏನೂ ನೆನಪಾಗದಿದ್ದರೆ ಅವರಿಗೇ ಒಳ್ಳೆಯದು ಎಂದು ಬಹುಕಾಲ ನಾವು ಭಾವಿಸಿದ್ದೆವು. ಬದುಕಿ ಮನೆಗೆ ಹೋದವರು ಬೇರೆಯದನ್ನು ಹೇಳಿದರು. ನಡೆದದ್ದರ ನೆನಪು ಇರಲಿಲ್ಲ, ನಡೆಯದ್ದರ ನೆನಪು ಇತ್ತು: ಯಾರೋ ಕೊಲ್ಲಲು ಬಂದರು, ನರ್ಸ್ ವಿಷ ಹಾಕಿದರು, ಹಡಗಿನಲ್ಲಿ ಕಟ್ಟಿಹಾಕಿದ್ದರು ಎಂಬಂಥವು. ಖಾಲಿ ಬಿದ್ದ ಜಾಗವನ್ನು ಭ್ರಮೆ ತುಂಬಿತ್ತು. ಇಂಥ ಭ್ರಮೆಯ ನೆನಪುಗಳು ಮುಂದೆ ಆಘಾತೋತ್ತರ ಮಾನಸಿಕ ತೊಂದರೆಯ ಜೊತೆ ಹೆಣೆದುಕೊಂಡಿರುವುದನ್ನು ಬ್ರಿಟನ್ನಿನ ಕ್ರಿಸ್ಟಿನಾ ಜೋನ್ಸ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು.

ಇದಕ್ಕೆ ಯುರೋಪಿನ ಐಸಿಯುಗಳು ಕಂಡುಕೊಂಡ ಮದ್ದು ಒಂದು ಪುಸ್ತಕ ಮತ್ತು ಪೆನ್ನು. ಹಾಸಿಗೆಯ ಪಕ್ಕದಲ್ಲಿ ಇಟ್ಟ ಪುಸ್ತಕದಲ್ಲಿ ನರ್ಸ್‌ಗಳೂ ಮನೆಯವರೂ ದಿನದಿನವೂ ಬರೆಯುತ್ತಾರೆ: ಇಂದು ನಿಮಗೆ ಜ್ವರ ಇಳಿಯಿತು, ಇಂದು ಮಗಳು ಬಂದು ತಲೆ ಬಾಚಿದಳು, ಇಂದು ಉಸಿರಿನ ಕೊಳವೆ ತೆಗೆದೆವು. ರೋಗಿ ಚೇತರಿಸಿಕೊಂಡ ಮೇಲೆ ಅದನ್ನು ಅವರ ಕೈಗಿಟ್ಟು, ಜೊತೆಯಲ್ಲಿ ಕೂತು ಓದುತ್ತಾರೆ. 2010ರಲ್ಲಿ ಪ್ರಕಟವಾದ, ಆರು ಯುರೋಪಿಯನ್ ದೇಶಗಳ 12 ಆಸ್ಪತ್ರೆಗಳ 352 ರೋಗಿಗಳ ಅಧ್ಯಯನದಲ್ಲಿ, ದಿನಚರಿಯನ್ನು ಬೇಗ ಪಡೆದವರಲ್ಲಿ ಹೊಸದಾಗಿ ಕಾಣಿಸಿಕೊಂಡ ಆಘಾತೋತ್ತರ ತೊಂದರೆ ಶೇ. 5, ಆಗ ಪಡೆಯದವರಲ್ಲಿ ಶೇ. 13. ನಮ್ಮ ವೃತ್ತಿಯಲ್ಲಿ ಇಷ್ಟು ಅಗ್ಗದ, ಇಷ್ಟು ಮಾನವೀಯವಾದ ಚಿಕಿತ್ಸೆಗಳು ಹೆಚ್ಚಿಲ್ಲ. ಮಂಪರನ್ನೇ ಆದಷ್ಟು ಹಗುರವಾಗಿಡುವ ಪದ್ಧತಿಯೂ ಈಗ ಬೆಳೆದಿದೆ. ಕನ್ನಡದಲ್ಲಿ ಬರೆದ ಇಂಥ ದಿನಚರಿ ನಮ್ಮ ಪ್ರತಿ ಐಸಿಯುವಿನ ಹಾಸಿಗೆಯ ಪಕ್ಕದಲ್ಲೂ ಇರಬೇಕೆಂಬುದು ನನ್ನ ಹಂಬಲ.

5. ಮಂಪರು ಪರೀಕ್ಷೆ ಮತ್ತು ಬೆಂಗಳೂರು

ಮರೆಸಲು ಕೊಟ್ಟ ಔಷಧವನ್ನೇ ಬಾಯಿ ಬಿಡಿಸಲು ಬಳಸಿದ ಕಥೆ ನಮ್ಮ ರಾಜಧಾನಿಗೆ ಬಂದು ಮುಟ್ಟುತ್ತದೆ. 1916ರಲ್ಲಿ ಟೆಕ್ಸಾಸಿನ ವೈದ್ಯ ರಾಬರ್ಟ್ ಹೌಸ್ ಒಂದು ಹೆರಿಗೆ ಮಾಡಿಸಿ, ಮಗುವನ್ನು ತೂಗಲು ತಕ್ಕಡಿ ಕೇಳಿದರು. ಗಂಡನಿಗೆ ಅದು ಸಿಗಲಿಲ್ಲ. ಸ್ಕೋಪಲಮಿನ್ ಮಂಪರಿನಲ್ಲಿದ್ದ ಬಾಣಂತಿ ಅದು ಅಡುಗೆಮನೆಯಲ್ಲಿ ಎಲ್ಲಿದೆಯೆಂದು ಸರಿಯಾಗಿ ಹೇಳಿದರು. ಈ ಔಷಧ ಕೊಟ್ಟರೆ ಸುಳ್ಳು ಹೇಳಲಾಗದು ಎಂದು ಹೌಸ್ ತೀರ್ಮಾನಿಸಿ, 1922ರಲ್ಲಿ ಡಲ್ಲಾಸ್ ಜೈಲಿನ ಕೈದಿಗಳ ಮೇಲೆ ಪ್ರಯೋಗಿಸಿದರು. ಮುಂದೆ ಸ್ಕೋಪಲಮಿನ್ ಜಾಗಕ್ಕೆ ಸೋಡಿಯಂ ಪೆಂಟೊಥಾಲ್‌ನಂಥ ಔಷಧಗಳು ಬಂದವು.

2000ದ ನಂತರದ ದಶಕದಲ್ಲಿ ಭಾರತದ ಮಂಪರು ಪರೀಕ್ಷೆಗಳಿಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಹೆಸರಾಯಿತು. ನಕಲಿ ಛಾಪಾಕಾಗದ ಹಗರಣದ ತೆಲಗಿಯ ಪರೀಕ್ಷೆಯ ದೃಶ್ಯಗಳು ಟಿವಿಯಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ನನ್ನ ಶಾಸ್ತ್ರ ಹೇಳುವುದು ಬೇರೆ. ಈ ಔಷಧಗಳು ಸಂಕೋಚವನ್ನು ಸಡಿಲಿಸುತ್ತವೆ, ಮಾತು ಹೆಚ್ಚಿಸುತ್ತವೆ. ಸತ್ಯವನ್ನು ಬೇರ್ಪಡಿಸಿ ಕೊಡುವುದಿಲ್ಲ. ಮಂಪರಿನಲ್ಲಿ ಸುಳ್ಳು ಹೇಳಬಹುದು, ಕಲ್ಪನೆಯನ್ನು ನೆನಪೆಂದು ಹೇಳಬಹುದು, ಪ್ರಶ್ನೆ ಕೇಳುವವರು ಸೂಚಿಸಿದ್ದನ್ನೇ ಒಪ್ಪಬಹುದು. ಎಚ್ಚರವಾದ ಮೇಲೆ ತಾನು ಹೇಳಿದ್ದೇನು ಎಂಬುದೇ ಆತನಿಗೆ ಸರಿಯಾಗಿ ನೆನಪಿಲ್ಲದಿರಬಹುದು. ತನ್ನ ಮಾತನ್ನು ತಾನೇ ಅಲ್ಲಗಳೆಯಲಾಗದ ಸ್ಥಿತಿ ಅದು. ಸೆಲ್ವಿ ಮತ್ತಿತರರು ಹಾಗೂ ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದಿತು. ಸಂವಿಧಾನದ 20(3) ಮತ್ತು 21ನೇ ವಿಧಿಗಳು ಆ ತೀರ್ಪಿನ ಬುನಾದಿ. ವಿಜ್ಞಾನವೂ ನ್ಯಾಯವೂ ಕೈಹಿಡಿದು ನಡೆದ ದಿನ ಅದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ರೈಲಿನಲ್ಲಿ ಬಿಸ್ಕತ್ತು, ಚಹಾದಲ್ಲಿ ಲೊರಾಜೆಪಾಮ್ ಬೆರೆಸಿ ದೋಚುವ ಪ್ರಕರಣಗಳು ನಮ್ಮ ದೇಶದಲ್ಲಿ ಹೊಸತಲ್ಲ. ಲೈಂಗಿಕ ದೌರ್ಜನ್ಯಕ್ಕೂ ಇಂಥ ಔಷಧ ಬಳಕೆಯಾಗುತ್ತದೆ. ಅಲ್ಲಿ ಬಲಿಯಾದವರು ‘ಅಷ್ಟರವರೆಗೆ ನೆನಪಿದೆ, ಆಮೇಲೆ ಏನೂ ಇಲ್ಲ’ ಎಂದರೆ, ಮಂಪರು ಔಷಧ ನಡೆದುಕೊಳ್ಳುವುದೇ ಹಾಗೆ. ಅದನ್ನು ಸುಳ್ಳಿನ ಗುರುತೆಂದು ಕಾಣುವ ಪೊಲೀಸರೂ ವಕೀಲರೂ ಔಷಧಶಾಸ್ತ್ರವನ್ನು ಓದಬೇಕು. ರಕ್ತ ಮತ್ತು ಮೂತ್ರದ ಮಾದರಿಯನ್ನು ತಡಮಾಡದೆ ತೆಗೆಸಬೇಕು. ಔಷಧದ ಕುರುಹು ಬಹಳ ದಿನ ಉಳಿಯುವುದಿಲ್ಲ.

6. ಮನೆಯ ಮಾತ್ರೆ ಡಬ್ಬಿ

ಕೊನೆಗೆ ನಿಮ್ಮೆಲ್ಲರ ಮನೆಗೆ ಬರುತ್ತೇನೆ. ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಜೋಲ್ಪಿಡೆಮ್ ಮುಂತಾದ ಹೆಸರುಗಳು ಎಷ್ಟೋ ಮನೆಗಳ ಮಾತ್ರೆ ಡಬ್ಬಿಯಲ್ಲಿವೆ. ಆತಂಕದ ತೀವ್ರ ಗಳಿಗೆಯಲ್ಲಿ, ಮೂರ್ಛೆ ನಿಲ್ಲದಾಗ, ಇಂಥ ಕೆಲವು ಔಷಧಗಳು ಜೀವ ಉಳಿಸುತ್ತವೆ. ಕೆಲವು ವಾರಕ್ಕೆಂದು ಬರೆದುಕೊಟ್ಟ ಚೀಟಿ ವರ್ಷಗಳವರೆಗೆ ಮುಂದುವರಿದಾಗ ತೊಂದರೆ ಶುರು. ನಿದ್ದೆ ತರಿಸುವ ಗುಣ ದೇಹಕ್ಕೆ ಒಗ್ಗಿ ಕಡಿಮೆಯಾಗುತ್ತ ಹೋಗಬಹುದು; ಮರೆಸುವ ಗುಣ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಅಜ್ಜ ಔಷಧ ತೆಗೆದುಕೊಂಡದ್ದನ್ನೇ ಮರೆತು ಮತ್ತೊಮ್ಮೆ ತೆಗೆದುಕೊಳ್ಳುತ್ತಾರೆ. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಮನೆಯವರು ‘ವಯಸ್ಸಾಯ್ತು, ಅರಳು ಮರಳು’ ಎನ್ನುತ್ತಾರೆ. ಡಬ್ಬಿಯನ್ನು ತೆರೆದು ನೋಡುವುದಿಲ್ಲ.

ಹಿರಿಯರಲ್ಲಿ ಈ ಔಷಧಗಳು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಡಯಾಜೆಪಾಮ್‌ನ ಪ್ರಭಾವ ದಿನಗಟ್ಟಲೆ ಎಳೆಯಬಹುದು. ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಹಿರಿಯರಿಗೆ ಬೆಂಜೋಡಯಜೆಪೀನ್‌ಗಳನ್ನು ಆದಷ್ಟೂ ತಪ್ಪಿಸಿ ಎನ್ನುತ್ತದೆ. ಜೋಲ್ಪಿಡೆಮ್ ತೆಗೆದುಕೊಂಡ ಮಹಿಳೆಯರ ರಕ್ತದಲ್ಲಿ ಮರುದಿನ ಬೆಳಿಗ್ಗೆಯೂ ಅದರ ಅಂಶ ಹೆಚ್ಚು ಉಳಿಯುವುದರಿಂದ, ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಅವರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದರು. ನೆಗಡಿಗೆ ನುಂಗುವ ಕ್ಲೋರ್‌ಫೆನಿರಮಿನ್‌ನಂಥ ಮಾತ್ರೆಗಳೂ ಸ್ಕೋಪಲಮಿನ್ ಹಿಡಿಯುವ ದಾರಿಯನ್ನೇ ಸ್ವಲ್ಪಮಟ್ಟಿಗೆ ಹಿಡಿಯುತ್ತವೆ ಎಂಬುದು ಗೊತ್ತಿರಲಿ.

ಇವು ಮರೆಗುಳಿತನದ ಕಾಯಿಲೆಯನ್ನೇ ತರುತ್ತವೆಯೇ? ಕೆಲವು ದೊಡ್ಡ ಅಧ್ಯಯನಗಳು ನಂಟಿದೆ ಎಂದಿವೆ, ಬೇರೆ ಕೆಲವು ಇಲ್ಲವೆಂದಿವೆ. ಆ ಕಾಯಿಲೆಯ ಮೊದಲ ಲಕ್ಷಣವಾದ ನಿದ್ರಾಹೀನತೆಗೇ ಮಾತ್ರೆ ಕೊಟ್ಟಿರಬಹುದಾದ್ದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ. ಹೆದರಿಕೆ ಬೇಡ, ಎಚ್ಚರ ಬೇಕು. ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಕೂಡದು. ನಡುಕ, ಭ್ರಮೆ, ಫಿಟ್ಸ್ ಬರಬಹುದು. ವೈದ್ಯರ ಜೊತೆ ಕೂತು ಹಂತಹಂತವಾಗಿ ಇಳಿಸಬೇಕು. ತೆಲಂಗಾಣದಲ್ಲಿ ಮತ್ತು ನಮ್ಮ ರಾಯಚೂರು ಭಾಗದಲ್ಲಿ ಸೇಂದಿಗೆ ಕ್ಲೋರಲ್ ಹೈಡ್ರೇಟ್, ಅಂದರೆ ಜನ ‘ಸಿಎಚ್ ಪೌಡರ್’ ಎನ್ನುವುದನ್ನು, ಮತ್ತು ಆಲ್ಪ್ರಜೋಲಾಮ್‌ನಂಥವನ್ನು ಬೆರೆಸುವ ದಂಧೆ ಕೂಲಿ ಜನರ ಮೆದುಳಿಗೆ ಮಾಡುತ್ತಿರುವ ಹಾನಿಯೂ ಇದೇ ಬಗೆಯದು. ಅವರಿಗೆ ತಾವು ಕುಡಿಯುತ್ತಿರುವುದೇನೆಂದೇ ತಿಳಿಯದು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ನಿಯಮದಂತೆ ಇಂಥ ಹಲವು ಔಷಧಗಳ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಆ ನಿಯಮ ಕಾಗದದಲ್ಲೇ ಉಳಿಯದಂತೆ ನೋಡಿಕೊಳ್ಳುವುದು ನಾಗರಿಕರ ಕೆಲಸವೂ ಹೌದು.

ಸಭಿಕರೇ, ಹೊರಡುವ ಮುನ್ನ ಮೂರು ಬೇಡಿಕೆಗಳು. ಮಂಪರು ಕೊಟ್ಟು ಏನಾದರೂ ಪರೀಕ್ಷೆ ಮಾಡಿಸುವಾಗ ಜೊತೆಗೊಬ್ಬರು ಹೋಗಿ; ವೈದ್ಯರು ಹೇಳಿದ್ದನ್ನು ಬರೆದುಕೊಳ್ಳಿ, ಏಕೆಂದರೆ ಆ ಮಾತು ರೋಗಿಗೆ ನೆನಪಿರುವುದಿಲ್ಲ. ಆ ದಿನ ವಾಹನ ಓಡಿಸುವುದು, ಪತ್ರಗಳಿಗೆ ಸಹಿ ಹಾಕುವುದು ಬೇಡ. ಎರಡನೆಯದು, ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಯಾವುದು ಈಗಲೂ ಬೇಕು ಎಂದು ಕೇಳಿ. ಮೂರನೆಯದು ನನ್ನ ವೃತ್ತಿಬಂಧುಗಳಿಗೆ. ನಮ್ಮ ಔಷಧ ಕೆಲಸ ಮಾಡುವ ಹೊತ್ತಿನಲ್ಲಿ ರೋಗಿ ನಮ್ಮ ಬಗ್ಗೆ ದೂರು ಕೊಡಲಾರರು, ನಮ್ಮನ್ನು ಹೊಗಳಲೂ ಆರರು. ಹಾಗಾಗಿ ಆಗ ಆಡುವ ಒಂದೊಂದು ಮಾತು, ಮಾಡುವ ಒಂದೊಂದು ಕೆಲಸವೂ ಅವರಿಗೆ ಎದುರು ನಿಂತು ಹೇಳಬಹುದಾದಂಥದ್ದೇ ಆಗಿರಲಿ. ಏನಾದರೂ ಏರುಪೇರಾದರೆ ನಾವಾಗಿಯೇ ಹೇಳೋಣ, ದಾಖಲೆಯಲ್ಲಿ ಬರೆಯೋಣ. ನಮ್ಮ ಸೂಜಿಗೆ ಕೈ ಚಾಚುವಾಗ ಅವರು ನಮ್ಮಲ್ಲಿ ಇಟ್ಟ ನಂಬಿಕೆಗೆ ಇದಕ್ಕಿಂತ ಕಡಿಮೆ ಯಾವುದೂ ಸಲ್ಲದು.